ಅಜ್ಜನ ಮೆಡಲಿನ ಲೆಕ್ಕ

ಲೀಡ್ಸ್, ಇಂಗ್ಲೆಂಡ್
ನವೆಂಬರ್ 16

ಪ್ರೀತಿಯ ಕಾಕಾ,

ನಿಮಗೂ ಕಾಕುಗೂ ನಮಸ್ಕಾರ. ಫೋನು ಇರುವಾಗ ಇವನೇಕೆ ಪತ್ರ ಬರೆದ ಅಂತ ನಗಬೇಡಿ. ಫೋನಿನಲ್ಲಿ ಹೇಳಲು ಹೊರಟರೆ ನೀವು ನಡುವೆ ಬಾಯಿ ಹಾಕುತ್ತೀರಿ, ನಾನು ಎಲ್ಲಿಗೆ ನಿಲ್ಲಿಸಿದ್ದೆ ಅನ್ನೋದೇ ಮರೆತುಹೋಗುತ್ತದೆ. ಇದು ತಾರೀಖುಗಳ ವಿಷಯ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿ. ಪೂಜಾ ಕೈಯಲ್ಲಿ ಓದಿಸಬೇಡಿ, ಅವಳು ಅರ್ಧ ಹಾರಿಸಿ ಓದುತ್ತಾಳೆ.

ದೀಪಾವಳಿ ದಿನ ನೀವು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಅಜ್ಜ ಮಿಲಿಟರಿಯಲ್ಲಿ ಐದು ವರ್ಷ ಸವೆಸಿದ, ಬಂದದ್ದು ಮೂರೇ ಮೆಡಲು. ಹಿಂದಿನ ಓಣಿಯ ಫಕೀರಪ್ಪಜ್ಜನಿಗೆ ನಾಲ್ಕು. ನಮ್ಮ ಆಫ್ರಿಕಾ ಮೆಡಲು ಯಾರೋ ನುಂಗಿದ್ದಾರೆ. ನೀನು ಅವರ ಊರಿನಲ್ಲೇ ಇದ್ದೀಯಲ್ಲ, ಕೇಳಿ ನೋಡು." ಕೇಳಿ ನೋಡಿದೆ ಕಾಕಾ. ಆಫ್ರಿಕಾ ಮೆಡಲು ಯಾರೂ ನುಂಗಿಲ್ಲ. ಆದರೆ ನೀವು ಪೂರ್ತಿ ತಪ್ಪೂ ಅಲ್ಲ. ಅದು ಹೇಗೆ ಅಂತ ಹೇಳೋಕೆ ಸ್ವಲ್ಪ ದೂರದಿಂದ ಬರಬೇಕು.

ಮೊದಲು ಟ್ರಂಕಿನಲ್ಲಿ ಇರುವ ಮೂರು ಯಾವುವು ಅಂತ ನೋಡೋಣ. ಆರು ಮೂಲೆಯ ಹಳದಿ ನಕ್ಷತ್ರ ಎರಡಿವೆ. ಕಡು ನೀಲಿ, ಕೆಂಪು, ತಿಳಿ ನೀಲಿ ಪಟ್ಟಿ ಇರುವುದು 1939-45 ಸ್ಟಾರ್. ಹಸಿರು, ಬಿಳಿ, ಕೆಂಪು ಪಟ್ಟಿ ಇರುವುದು ಇಟಲಿ ಸ್ಟಾರ್, ಅವರ ಬಾವುಟದ ಬಣ್ಣ ಅದು. ಮೂರನೆಯದು ದುಂಡಗಿನ ಬಿಳಿ ಲೋಹದ್ದು, ವಾರ್ ಮೆಡಲ್. ಅದರ ಹಿಂದೆ ಸಿಂಹ ಒಂದು ಎರಡು ತಲೆಯ ಡ್ರ್ಯಾಗನ್ ಮೇಲೆ ಕಾಲಿಟ್ಟು ನಿಂತಿದೆ. ನೀವು ಅದನ್ನು ಇಷ್ಟು ದಿನ ನಾಯಿ ಅಂತಿದ್ದಿರಿ.

ಈ ಒಂದೊಂದಕ್ಕೂ ಒಂದೊಂದು ಅಳತೆ ಇದೆ. ವಾರ್ ಮೆಡಲಿಗೆ 28 ದಿನ ಸೈನ್ಯದಲ್ಲಿದ್ದರೆ ಸಾಕು, ಎಲ್ಲಿದ್ದರೂ ನಡೆಯುತ್ತದೆ. 1939-45 ಸ್ಟಾರಿಗೆ ಕಾಲಾಳು ಸಿಪಾಯಿ ಯುದ್ಧ ನಡೆಯುವ ಕಡೆ ಆರು ತಿಂಗಳು ಇರಬೇಕು. ಗಾಯವಾಗಿ ವಾಪಸು ಬಂದರೆ ಆ ಆರು ತಿಂಗಳು ತುಂಬದಿದ್ದರೂ ಕೊಡುತ್ತಿದ್ದರು. ಇಟಲಿ ಸ್ಟಾರಿಗೆ 1943ರ ಜೂನ್ 11ರಿಂದ 1945ರ ಮೇ 8ರ ಒಳಗೆ ಆ ನೆಲದ ಕಾರ್ಯಾಚರಣೆಯಲ್ಲಿ ಒಂದೇ ದಿನ ಇದ್ದರೂ ಆಯಿತು. ಒಂದೇ ದಿನ, ಕಾಕಾ! ಅಜ್ಜ ಅಲ್ಲಿ ಎರಡು ಚಳಿಗಾಲ ಕಳೆದರು. ಒಂದು ದಿನ ಇದ್ದವನಿಗೂ ಅದೇ ನಕ್ಷತ್ರ, ಅಜ್ಜನಿಗೂ ಅದೇ. ಕಷ್ಟ ಎಷ್ಟು ಪಟ್ಟೆ ಅಂತ ಯಾರೂ ತೂಗಿ ನೋಡಲಿಲ್ಲ. ಎಲ್ಲಿದ್ದೆ, ಯಾವಾಗ ಇದ್ದೆ, ಎಷ್ಟು ದಿನ ಇದ್ದೆ, ಇಷ್ಟೇ.

ಈಗ ಆಫ್ರಿಕಾಕ್ಕೆ ಬರೋಣ. ಅಜ್ಜ ಪಿರಮಿಡ್ ಮುಂದೆ ಒಂಟೆ ಹಗ್ಗ ಹಿಡಿದು ನಿಂತ ಫೋಟೋ ಇದೆ, ಮಿಸರ ದೇಶ ಇರೋದು ಆಫ್ರಿಕಾದಲ್ಲಿ, ಹಾಗಾಗಿ ಆಫ್ರಿಕಾ ಸ್ಟಾರ್ ಬರಲೇಬೇಕು. ಇದು ನಿಮ್ಮ ವಾದ. ವಾದ ಗಟ್ಟಿಯಾಗೇ ಇದೆ. ಆ ಮೆಡಲಿಗೂ ಒಂದು ದಿನ ಸಾಕು ಅನ್ನೋದೂ ನಿಜ. ಆದರೆ ಅದರ ಬಾಗಿಲು ತೆರೆದದ್ದು 1940ರ ಜೂನ್ 10ಕ್ಕೆ, ಮುಚ್ಚಿದ್ದು 1943ರ ಮೇ 12ಕ್ಕೆ. ಉತ್ತರ ಆಫ್ರಿಕಾದಲ್ಲಿ ಯುದ್ಧ ಅಲ್ಲಿಗೆ ಮುಗಿಯಿತು. ಹೋದ ವಾರ ಫೋಟೋ ಚೌಕಟ್ಟು ಬಿಚ್ಚಿ ಹಿಂಬದಿ ತೋರಿಸು ಅಂತ ಪೂಜಾಗೆ ಹೇಳಿದ್ದೆ. ಸ್ಟುಡಿಯೋದವನ ನೇರಳೆ ಮುದ್ರೆ ಸ್ಪಷ್ಟವಾಗಿದೆ: ಆಗಸ್ಟ್ 1943. ಮೂರು ತಿಂಗಳು ತಡ. ಇಟಲಿಗೆ ಹಡಗು ಹತ್ತುವ ಮೊದಲು ಅಜ್ಜ ಅಲ್ಲಿ ಸುಮ್ನೆ ಕಾಯುತ್ತಾ ಕೂತಿದ್ದರು, ಅಷ್ಟೇ.

ಫಕೀರಪ್ಪಜ್ಜನ ವಿಷಯ ಇನ್ನೂ ಮಜಾ ಇದೆ. ಅವರಿಗೆ ಬರ್ಮಾ ಸ್ಟಾರ್ ಇದೆ, ಆದರೆ ಅವರು ಬರ್ಮಾ ನೋಡಿಲ್ಲ. ಅವರೇ ಹೇಳುತ್ತಿದ್ದರಲ್ಲ, ಅಸ್ಸಾಮಿನಲ್ಲಿ ಲಾರಿಗೆ ಮೂಟೆ ಏರಿಸುತ್ತಿದ್ದೆ ಅಂತ. ಅಸ್ಸಾಂ, ಬಂಗಾಳಗಳೂ ಆ ಮೆಡಲಿನ ಲೆಕ್ಕಕ್ಕೆ ಸೇರಿದ್ದವು. ಅವರ ನಾಲ್ಕನೆಯದು ಇಂಡಿಯಾ ಸರ್ವಿಸ್ ಮೆಡಲ್. ಹಿಂದೆ ಭಾರತದ ನಕ್ಷೆ ಇದೆಯಲ್ಲ, ಅದು. ಅದನ್ನು 1946ರಲ್ಲಿ ಶುರು ಮಾಡಿದರು. ಯುದ್ಧಕ್ಕೆ ಹೋಗದೆ ದೇಶದ ಒಳಗೇ ಮೂರು ವರ್ಷ ಕೆಲಸ ಮಾಡಿದ ನಮ್ಮ ಸಿಪಾಯಿಗಳಿಗೆ ಅದು. ಅವರು ಜಬಲ್ಪುರದಲ್ಲಿ ಮೂರು ವರ್ಷ ಉಗ್ರಾಣ ಕಾದರು, ಬಂತು. ನಮ್ಮಜ್ಜ ದೇಶ ಬಿಟ್ಟು ಹೋದರು, ಬರಲಿಲ್ಲ. ನಿಮಗೆ ಸಿಟ್ಟು ಬರುತ್ತದೆ ಅಂತ ಗೊತ್ತು. ನನಗೂ ಬಂತು. ಆದರೆ ಮೋಸ ಇಲ್ಲ. ಇದನ್ನೆಲ್ಲ ಫಕೀರಪ್ಪಜ್ಜನ ಮಕ್ಕಳಿಗೆ ಹೇಳೋಕೆ ಹೋಗಬೇಡಿ, ಸುಮ್ನೆ ಓಣಿಯಲ್ಲಿ ಜಗಳ.

ಧೈರ್ಯಕ್ಕೆ ಕೊಡುವ ಪದಕ ಮಾತ್ರ ಬೇರೆ. ಅದಕ್ಕೆ ದಿನದ ಲೆಕ್ಕ ಇಲ್ಲ. ಅಜ್ಜ ನಾಮದೇವ ಜಾಧವ್ ಅಂತ ಒಬ್ಬರ ಹೆಸರು ಹೇಳುತ್ತಿದ್ದರು, ನೆನಪಿದೆಯಾ? 1945ರ ಏಪ್ರಿಲ್ 9ರಂದು ಇಟಲಿಯ ಸೆನಿಯೋ ಹೊಳೆಯ ದಂಡೆಯಲ್ಲಿ ಗಾಯಗೊಂಡ ಇಬ್ಬರನ್ನು ಹೊತ್ತು ತಂದು, ಮತ್ತೆ ಹೋಗಿ ಮೆಷಿನ್‌ಗನ್ ಗುಂಡಿಗಳನ್ನು ಅಡಗಿಸಿದವರು. ಅವರಿಗೆ ವಿಕ್ಟೋರಿಯಾ ಕ್ರಾಸ್ ಬಂತು. ಮರಾಠಾ ಲೈಟ್ ಇನ್‌ಫೆಂಟ್ರಿಯ ಮೊದಲ ಬೆಟಾಲಿಯನ್ನಿನವರು. ಅಜ್ಜನದೂ ಅದೇ ಬೆಟಾಲಿಯನ್ ಅಂತ ನನಗೆ ಈಗ ಹೆಚ್ಚುಕಡಿಮೆ ಖಾತ್ರಿ. ಯಾಕೆ ಅಂತ ಹೇಳುತ್ತೇನೆ.

ನಾನು ಸಣ್ಣವನಿದ್ದಾಗ ಅಜ್ಜ ಕಟ್ಟೆ ಮೇಲೆ ಕೂತು "ಸಂಗರದ ಹೊಳಿ" ಕತೆ ಹೇಳುತ್ತಿದ್ದರು. ಮಳೆ, ಕೆಸರು, ಕಟ್ಟಿದ ಸೇತುವೆ ರಾತ್ರಿ ಬೆಳಗಾಗೋದರಲ್ಲಿ ಕೊಚ್ಚಿಹೋದದ್ದು. "ನಮ್ಮ ಎರೆಮಣ್ಣಿನ ಹಂಗ ಬೂಟು ಹಿಡೀತಿತ್ತು" ಅನ್ನುತ್ತಿದ್ದರು. ಸಂಗರ ಅಂದರೆ ಯುದ್ಧ, ಯುದ್ಧದ ಹೊಳೆ ಅಂತ ಏನೋ ದೊಡ್ಡ ಮಾತು ಹೇಳುತ್ತಿದ್ದಾರೆ ಅಂತ ನಾವೆಲ್ಲ ತಿಳಿದಿದ್ದೆವು. ಹೋದ ತಿಂಗಳು ಇಟಲಿಯ ನಕ್ಷೆ ನೋಡುವಾಗ ಪೂರ್ವ ಕರಾವಳಿಯಲ್ಲಿ ಒಂದು ಹೊಳೆಯ ಹೆಸರು ಕಂಡಿತು. ಸಾಂಗ್ರೋ. ರಾತ್ರಿ ಹನ್ನೊಂದು ಗಂಟೆ ಆಗಿತ್ತು, ಎದ್ದು ನಿಂತುಬಿಟ್ಟೆ. 8ನೇ ಇಂಡಿಯನ್ ಡಿವಿಜನ್ 1943ರ ಸೆಪ್ಟೆಂಬರಿನಲ್ಲಿ ತಾರಾಂತೋ ಬಂದರಿನಲ್ಲಿ ಇಳಿದು, ನವೆಂಬರಿನಲ್ಲಿ ಆ ಹೊಳೆ ದಾಟಿತು. ಮಳೆಗೆ ಹೊಳೆ ತುಂಬಿ ಸೇತುವೆಗಳು ಹೋದದ್ದೂ ನಿಜ. ಮರಾಠಾ ಮೊದಲ ಬೆಟಾಲಿಯನ್ ಇದ್ದದ್ದು ಅದೇ ಡಿವಿಜನ್ನಿನಲ್ಲಿ. ಅಜ್ಜ ಉತ್ಪ್ರೇಕ್ಷೆ ಮಾಡುತ್ತಾರೆ ಅಂತ ಅಪ್ಪ ನಗುತ್ತಿದ್ದರು. ಒಂದು ಅಕ್ಷರವೂ ಹೆಚ್ಚು ಹೇಳಿರಲಿಲ್ಲ ಅಜ್ಜ.

ಇನ್ನು ಅಸಲು ವಿಷಯ. ನಾವು ಕೇಳಲೇ ಇಲ್ಲದ ಒಂದು ಮೆಡಲು ಇದೆ. ಹೆಸರು ಡಿಫೆನ್ಸ್ ಮೆಡಲ್. ಕಿತ್ತಳೆ ಪಟ್ಟಿ, ಅಂಚಿಗೆ ಹಸಿರು, ಹಸಿರಿನ ನಡುವೆ ಸಣ್ಣ ಕಪ್ಪು ಗೆರೆ. ತನ್ನ ದೇಶ ಬಿಟ್ಟು ಹೊರಗೆ, ಯುದ್ಧ ನಡೆಯದ ಕಡೆ ಒಂದು ವರ್ಷ ಇದ್ದವರಿಗೆ ಅದು. ಬಾಂಬಿನ ಭಯ ಇದ್ದ ಜಾಗವಾದರೆ ಆರು ತಿಂಗಳು. ಅಜ್ಜ ಮಿಸರಕ್ಕೂ ಇಟಲಿಗೂ ಮುಂಚೆ ಎಲ್ಲಿದ್ದರು? ಬಸ್ರಾದಲ್ಲಿ! ಆ ಸೆಕೆ, ಆ ಖರ್ಜೂರದ ತೋಟ, ಖರ್ಜೂರ ತಿಂದು ಹೊಟ್ಟೆ ಕೆಟ್ಟ ಕತೆ. ಅವರು 8ನೇ ಡಿವಿಜನ್ ಜೊತೆ ಇರಾಕಿನಲ್ಲಿದ್ದರು. ಅಲ್ಲಿ ಒಂದು ವರ್ಷ ತುಂಬಿದ್ದರೆ ನಾಲ್ಕನೆಯದು ಬರಬೇಕಿತ್ತು. ಇಂಡಿಯಾ ಸರ್ವಿಸ್ ಮೆಡಲ್ ಇದ್ದವರಿಗೆ ಡಿಫೆನ್ಸ್ ಮೆಡಲ್ ಕೊಡುವುದಿಲ್ಲ, ಆ ತೊಡಕೂ ನಮಗಿಲ್ಲ.

ಇದಕ್ಕೆ ಕಾಗದ ಬೇಕು. ಕಾಗದ ಹುಡುಕಿಕೊಂಡು ಎರಡು ದಿನ ರಜೆ ಹಾಕಿ ಲಂಡನ್ನಿಗೆ ಹೋಗಿದ್ದೆ. ಬ್ರಿಟಿಷ್ ಲೈಬ್ರರಿಯಲ್ಲಿ ಹಳೆಯ ಇಂಡಿಯಾ ಆಫೀಸಿನ, ಅಂದರೆ ಆಗ ಲಂಡನ್ನಿನಿಂದ ಭಾರತದ ಆಡಳಿತ ನೋಡುತ್ತಿದ್ದ ಕಚೇರಿಯ, ಕಡತಗಳಿವೆ. ಅಲ್ಲಿ ಕೂತ ಹೆಂಗಸು ಬಹಳ ಒಳ್ಳೆಯವರು, ಸಮಾಧಾನದಿಂದ ತಿಳಿಸಿ ಹೇಳಿದರು. ಇಲ್ಲಿರುವುದು ಆಫೀಸರುಗಳ ಕಡತ, ಸಿಪಾಯಿಗಳದ್ದು ಇಲ್ಲಿಗೆ ಬರಲೇ ಇಲ್ಲ, ನಿಮ್ಮ ದೇಶದಲ್ಲೇ ಉಳಿಯಿತು ಅಂತ. ಹಾಗಾದರೆ ಎಲ್ಲಿ ಕೇಳಬೇಕು ಅಂದೆ. ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ ಅಂದರು. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಕಾರ್ಡ್ ಆಫೀಸ್ ಎಲ್ಲಿದೆ ಹೇಳಿ? ಬೆಳಗಾವಿಯಲ್ಲಿ. ನೀವು ಹೊಸಯಲ್ಲಾಪುರದಿಂದ ಎದ್ದು, ಬಸ್ ಹತ್ತಿ, ಕಿತ್ತೂರು ದಾಟಿ ಎರಡು ತಾಸಿನಲ್ಲಿ ಮುಟ್ಟುವ ಬೆಳಗಾವಿಯಲ್ಲಿ. ನಾನಿಲ್ಲಿ ಕೋಚಿಗೆ ದುಡ್ಡು ಸುರಿದು ಲಂಡನ್ ಸುತ್ತಿ ಬಂದೆ.

ಬರಿಗೈಯಲ್ಲಿ ಹೋದರೆ ಆಗುವುದಿಲ್ಲ, ಅಜ್ಜನ ನಂಬರು ಬೇಕು. ಅದು ನಮ್ಮ ಕೈಯಲ್ಲೇ ಇದೆ. ಇಂಗ್ಲೆಂಡಿನ ಸೈನಿಕರಿಗೆ ಈ ನಕ್ಷತ್ರಗಳನ್ನು ಹೆಸರಿಲ್ಲದೆ ಕೊಟ್ಟರು. ನಮ್ಮವರಿಗೆ, ದಕ್ಷಿಣ ಆಫ್ರಿಕಾದವರಿಗೆ, ಆಸ್ಟ್ರೇಲಿಯಾದವರಿಗೆ ಮಾತ್ರ ಹಿಂದೆ ಹೆಸರು ಒತ್ತಿ ಕೊಟ್ಟರು. ಪೂಜಾ ಸೀಮೆಸುಣ್ಣದ ಪುಡಿ ಸವರಿ ಒರೆಸಿ ಫೋಟೋ ತೆಗೆದಳು. ನಂಬರು, ಸಿಪಾಯಿ ಅಂತ ದರ್ಜೆ, ಅಜ್ಜನ ಹೆಸರು, ರೆಜಿಮೆಂಟು ಎಲ್ಲ ಬಿಳಿ ಬಿಳಿಯಾಗಿ ಎದ್ದು ಬಂದಿವೆ. ನಂಬರಿನ ಕೊನೆಯ ಅಂಕಿ 3 ಇದ್ದೀತು, 8 ಇದ್ದೀತು. ಬೆಳಕಿಗೆ ಹಿಡಿದು ನೀವೇ ಒಮ್ಮೆ ನೋಡಿ. ಕಾಕುಗೆ ನನ್ನದೊಂದು ಬೇಡಿಕೆ. ದಸರೆಗೆ ಹಿತ್ತಾಳೆ ಪಾತ್ರೆ ಜೊತೆ ಅದನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಇಷ್ಟು ವರ್ಷ ತಿಕ್ಕಿಯೇ ಆ ಅಂಕಿ ಸವೆದದ್ದು.

ಟ್ರಂಕಿನ ತಳದಲ್ಲಿ ಡಿಸ್ಚಾರ್ಜ್ ಪುಸ್ತಕ, ಅಂದರೆ ಸೈನ್ಯ ಬಿಡುವಾಗ ಕೊಟ್ಟದ್ದು, ಇರಬೇಕು, ಅಂಗೈಯಷ್ಟು ದೊಡ್ಡದು. ಹಳೆ ಪಹಣಿ, ಸೊಸೈಟಿ ಪಾಸ್‌ಬುಕ್ ನಡುವೆ ಹುಡುಕಿ. ಮೆಡಲು ಸಿಕ್ಕರೆ ದುಡ್ಡೂ ಬರುತ್ತದಾ ಅಂತ ಕೇಳಿದ್ದಿರಿ. ಇಂಥ ಮೆಡಲಿಗೆ ದುಡ್ಡಿಲ್ಲ.

ಸಂತೋಷನನ್ನು ಜೊತೆಗೆ ಕರೆದುಕೊಂಡು ಹೋಗಿ, ಫೌಜಿ ಜೊತೆಗಿದ್ದರೆ ಮಾತು ಸಲೀಸು. ಅವನಿಗೆ ಈ ಲೆಕ್ಕ ಹೊಸದೂ ಅಲ್ಲ. ದಕ್ಷಿಣ ಸುಡಾನಿನಲ್ಲಿ 90 ದಿನ ತುಂಬುವ ತನಕ ಅವನೂ ಕ್ಯಾಲೆಂಡರಿಗೆ ಗೀಟು ಹಾಕುತ್ತಿದ್ದನಲ್ಲ, ವಿಶ್ವಸಂಸ್ಥೆಯ ಮೆಡಲಿಗೆ. ನಮ್ಮ ಸರ್ಕಾರದ ವಿದೇಶ ಸೇವಾ ಮೆಡಲೂ ಇದೆ, 1960ರಲ್ಲಿ ಶುರುವಾದದ್ದು. ಅದರಲ್ಲಿ ಪಟ್ಟಿ ಮೇಲೆ ದೇಶದ ಹೆಸರಿನ ಕ್ಲಾಸ್ಪ್, ಅಂದರೆ ಸಣ್ಣ ಲೋಹದ ಪಟ್ಟಿ, ಹಾಕುತ್ತಾರೆ. ಅಜ್ಜನಿಗೂ ಹಾಗೆ ಹಾಕಿದ್ದರೆ ನಾನು ಇಷ್ಟು ಉದ್ದ ಬರೆಯಬೇಕಿರಲಿಲ್ಲ.

ಜನವರಿ 26ಕ್ಕೆ ಪೂಜಾ ಶಾಲೆಗೆ ಮೆಡಲು ಹಾಕಿಕೊಂಡು ಹೋಗುತ್ತೇನೆ ಅಂದಳು. ಹಾಕಿಕೊಳ್ಳಲಿ, ಆದರೆ ಎದೆಯ ಬಲಗಡೆಗೆ. ಎಡಗಡೆ ಗಳಿಸಿದವರಿಗೆ, ಬಲಗಡೆ ಮನೆಯವರಿಗೆ. ಹೋದ ಭಾನುವಾರ ಇಲ್ಲಿ ಯುದ್ಧದಲ್ಲಿ ಸತ್ತವರ ನೆನಪಿನ ದಿನ ಇತ್ತು. ಆರೇಳು ವರ್ಷದ ಹುಡುಗ ಒಬ್ಬ ಬಲಗಡೆ ಮುತ್ತಜ್ಜನ ಇಟಲಿ ಸ್ಟಾರ್ ಸಿಕ್ಕಿಸಿಕೊಂಡು ಮಳೆಯಲ್ಲಿ ನಿಂತಿದ್ದ. ನಮ್ಮ ಟ್ರಂಕಿನಲ್ಲಿ ಇರೋದೂ ಇದೇ ಅಂತ ಅವನ ಅಪ್ಪನಿಗೆ ಹೇಳಿದೆ. ಆತ ನನ್ನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಸಕ್ಕರೆ ಕಾಯಿಲೆ ಇದೆ, ಬೆಳಗಾವಿಗೆ ಹೋದಾಗ ಕುಂದಾ ಕಟ್ಟಿಸಿಕೊಂಡು ದಾರಿಯಲ್ಲೇ ಮುಗಿಸಬೇಡಿ. ಈ ಪತ್ರ ಮುಟ್ಟಿದ ದಿನ ಫೋನು ಮಾಡಿ. ಅದಕ್ಕೂ ಮೊದಲು ಒಂದು ಮಾತು ಸರಿಯಾಗಿ ನೆನಪು ಮಾಡಿಕೊಳ್ಳಿ, ಬೇಕಾದರೆ ಅತ್ತೆಯನ್ನೂ ಕೇಳಿ. ಬಸ್ರಾದಲ್ಲಿ ಖರ್ಜೂರ ಇಳಿಸುವ ಸುಗ್ಗಿ ನೋಡಿದೆ ಅಂತ ಅಜ್ಜ ಹೇಳುತ್ತಿದ್ದರಲ್ಲ, ಒಂದು ಸಲ ಅಂದಿದ್ದರಾ, ಎರಡು ಸಲ ಅಂದಿದ್ದರಾ?

ನಿಮ್ಮ
ಮಂಜುನಾಥ