ಎಲೆಕ್ಷನ್‌ಗೆ ನಿಲ್ಲುತ್ತೇನೆ ಎಂದ ಮಗಳಿಗೆ

ಪ್ರೀತಿಯ ಪುಟ್ಟಿ,

ಓದು ಮುಗಿಸಿ ಊರಿಗೆ ಬಂದು ಎಲೆಕ್ಷನ್‌ಗೆ ನಿಲ್ಲುತ್ತೇನೆ ಅಂದೆಯಂತೆ. ನಿಮ್ಮಪ್ಪನಿಗೆ ಅವತ್ತಿಂದ ನಿದ್ದೆ ಇಲ್ಲ. ನನಗೆ ಸಿಟ್ಟೂ ಬರಲಿಲ್ಲ, ಅಷ್ಟೊಂದು ಖುಷಿಯೂ ಆಗಲಿಲ್ಲ. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೆ ಬರೆಯುತ್ತಿದ್ದೇನೆ. ಇದನ್ನು ಯಾರಿಗೂ ತೋರಿಸಬೇಡ. ಅಂಗನವಾಡಿ ಟೀಚರ್ ರಾಜಕೀಯ ಬರೆಯುತ್ತಾಳೆ ಅಂತ ಸುಮ್ನೆ ಮಾತು ಬರುವುದು ಬೇಡ.

ನಮ್ಮ ಮೂಡಿಗೆರೆಯಲ್ಲಿ ಕಾಂಗ್ರೆಸ್‌ನ ನಯನಾ ಮೋಟಮ್ಮ ಮೊದಲ ಸಲವೇ ಗೆದ್ದರಲ್ಲ ಅಂತ ಅಪ್ಪನಿಗೆ ಹೇಳಿದೆಯಂತೆ. ಗೆದ್ದರು, ನಿಜ. ಆದರೆ ಎಷ್ಟರಲ್ಲಿ ಗೆದ್ದರು ನೆನಪಿದೆಯಾ? 2023ರ ವಿಧಾನಸಭೆ ಎಲೆಕ್ಷನ್‌ನಲ್ಲಿ ಅಂತರ 722 ವೋಟು. ಎಷ್ಟೋ ಕಡೆ ಒಂದೇ ಬೂತಿನ ಪಟ್ಟಿ ಅದಕ್ಕಿಂತ ದೊಡ್ಡದಿರುತ್ತದೆ. ಬಿಜೆಪಿಯ ದೀಪಕ್ ದೊಡ್ಡಯ್ಯ ಎರಡನೆಯವರು. ಬಿಜೆಪಿ ಟಿಕೆಟ್ ಸಿಗದೆ ಜೆಡಿಎಸ್‌ಗೆ ಹೋದ ಆಗಿನ ಶಾಸಕ ಎಂ.ಪಿ. ಕುಮಾರಸ್ವಾಮಿ ಮೂರನೆಯವರು, ಅವರಿಗೆ 26 ಸಾವಿರದಷ್ಟು ವೋಟು ಬಿತ್ತು. ಅವರು ನಿಲ್ಲದೇ ಇದ್ದಿದ್ದರೆ ಆ ವೋಟು ಎಲ್ಲಿಗೆ ಹೋಗುತ್ತಿತ್ತು? ಮೂಡಿಗೆರೆ ಹೋಟೆಲುಗಳಲ್ಲಿ ಕಾಫಿ ಜೊತೆಗೆ ಈ ಲೆಕ್ಕ ಇವತ್ತಿಗೂ ನಡೆಯುತ್ತದೆ. ಪಕ್ಕದ ಶೃಂಗೇರಿಯಲ್ಲಂತೂ ಆ ಸಲ ಘೋಷಣೆಯಾದ ಅಂತರ ಬರೀ 201. ಜಿಲ್ಲೆಯ ಐದಕ್ಕೆ ಐದೂ ಕಾಂಗ್ರೆಸ್ ಗೆದ್ದಿತು ಅಂದರೆ ದೊಡ್ಡ ಅಲೆ ಅನ್ನಿಸುತ್ತದೆ. ಒಂದೊಂದೇ ಕ್ಷೇತ್ರ ಬಿಡಿಸಿ ನೋಡಿದರೆ ಎದೆ ಝಲ್ಲೆನ್ನುತ್ತದೆ.

ಇನ್ನೊಂದು ವಿಷಯ. ಮಗಳ ಮೊದಲ ಎಲೆಕ್ಷನ್ ಇರಬಹುದು, ಆ ಮನೆಗೆ ಮೊದಲನೆಯದಲ್ಲ. ನೀನು ನಯನಾ ಅವರನ್ನು ನೋಡುತ್ತಿದ್ದೀಯ. ನಾನು ಅವರ ತಾಯಿ ಮೋಟಮ್ಮನವರನ್ನು ನೋಡು ಅನ್ನುತ್ತೇನೆ.

ಮೋಟಮ್ಮನವರು ಮೂಡಿಗೆರೆಯಿಂದ ಗೆದ್ದಿದ್ದು 1978ರಲ್ಲಿ, 1989ರಲ್ಲಿ, 1999ರಲ್ಲಿ. ಈ ಮೂರು ಇಸವಿಗಳನ್ನು ಎಲ್ಲರೂ ಬರೆಯುತ್ತಾರೆ. ಅವುಗಳ ನಡುವಿನ ವರ್ಷಗಳನ್ನು ಯಾರೂ ಬರೆಯುವುದಿಲ್ಲ. ಮೊದಲ ಗೆಲುವಿಗೂ ಎರಡನೇ ಗೆಲುವಿಗೂ ಹನ್ನೊಂದು ವರ್ಷ, ಎರಡನೆಯದಕ್ಕೂ ಮೂರನೆಯದಕ್ಕೂ ಹತ್ತು ವರ್ಷ. ಅಧಿಕಾರ ಇಲ್ಲದಾಗ ಮನೆ ಮುಂದೆ ಕಾರು ನಿಲ್ಲುವುದಿಲ್ಲ, ಆಫೀಸಿನಲ್ಲಿ ಫೋನ್ ಎತ್ತುವುದಿಲ್ಲ. ಆದರೆ ಸಾವಿನ ಮನೆಗೆ ಹೋಗಲೇಬೇಕು, ಮದುವೆಗೆ ಮುಯ್ಯಿ ಹಾಕಲೇಬೇಕು. ಅಂಥ ವರ್ಷಗಳನ್ನು ದಾಟಿ ಮತ್ತೆ ಬರುವುದು ನನಗೆ ಗೆಲುವಿಗಿಂತ ಕಷ್ಟದ ಕೆಲಸ ಅನ್ನಿಸುತ್ತದೆ. ಮುಂದೆ ವಿಧಾನ ಪರಿಷತ್ತಿನಲ್ಲಿ ವಿರೋಧ ಪಕ್ಷದ ನಾಯಕಿಯೂ ಆದರು. 2018ರಲ್ಲಿ ಮತ್ತೆ ಮೂಡಿಗೆರೆಯಲ್ಲಿ ನಿಂತರು, ಕುಮಾರಸ್ವಾಮಿಯವರ ಎದುರು ಸೋತರು. ಐದು ವರ್ಷದ ಮೇಲೆ ಅದೇ ಕ್ಷೇತ್ರದಲ್ಲಿ ಮಗಳು ನಿಂತರು. ಮಗಳಿಗೆ ಹೆಸರು ಬಳುವಳಿಯಾಗಿ ಬಂತು ಅಂತ ಮಾತಾಡುವವರಿದ್ದಾರೆ. ಇರಲಿ. ಆ ಹೆಸರಿನ ಜೊತೆ ತಾಯಿಯ ಸೋಲೂ ಬಂತಲ್ಲ?

ನಾನು ಅಂಗನವಾಡಿಗೆ ಸೇರಿದ ಹೊಸದರಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರ ಇತ್ತು. ಮೋಟಮ್ಮನವರು ಮಹಿಳಾ ಮತ್ತು ಮಕ್ಕಳ ಕಲ್ಯಾಣ ಸಚಿವೆ. 2000–01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ಹದಿನೈದು ಇಪ್ಪತ್ತು ಹೆಂಗಸರನ್ನು ಸೇರಿಸಿ ಉಳಿತಾಯದ ಸಂಘ ಕಟ್ಟುವ ಕೆಲಸ ನಮ್ಮ ಹೆಗಲಿಗೆ. ಕಟ್ಟಿಸಿದೆವು. ತೋಟದ ಕೂಲಿಯವರ ಲೈನ್ ಮನೆಗಳಿಗೆ ಹೋಗಿ ಕರೆದರೆ ಗಂಡಂದಿರು ಬಾಗಿಲಲ್ಲಿ ನಿಂತು "ವಾರ ವಾರ ಇವಳು ಎಲ್ಲಿಂದ ಕಟ್ತಾಳೆ?" ಅನ್ನುತ್ತಿದ್ದರು. ಆಮೇಲೆ ಅದೇ ಗಂಡಂದಿರು ಮಳೆಗಾಲದಲ್ಲಿ ಕೆಲಸ ಇಲ್ಲದಾಗ ಹೆಂಡತಿ ಕೈಲಿ ಸಂಘದ ಸಾಲ ತೆಗೆಸಿದರು. ಒಬ್ಬ ಶಾಸಕಿ ಮಂತ್ರಿಯಾದರೆ ಏನಾಗುತ್ತದೆ ಅಂತ ಕೇಳಿದರೆ ನಾನು ರಸ್ತೆ, ಸೇತುವೆ ತೋರಿಸುವುದಿಲ್ಲ. ನಮ್ಮ ಸಂಘದ ಪಾಸ್‌ಬುಕ್ ತೋರಿಸುತ್ತೇನೆ.

ಅದೇ ಮಂತ್ರಿಮಂಡಲದಲ್ಲಿ ನಮ್ಮ ತಾಲ್ಲೂಕಿನವರು ಇನ್ನೊಬ್ಬರಿದ್ದರು, ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು. 1978ರಲ್ಲಿ ಇಂದಿರಾ ಗಾಂಧಿಯವರಿಗಾಗಿ ಚಿಕ್ಕಮಗಳೂರು ಎಂ.ಪಿ. ಸೀಟು ಬಿಟ್ಟುಕೊಟ್ಟವರು ಅವರೇ. ಆ ನವೆಂಬರ್‌ನಲ್ಲಿ ಇಂದಿರಾ ವೀರೇಂದ್ರ ಪಾಟೀಲರನ್ನು ಸೋಲಿಸಿದ ಕಥೆ ನಿಮ್ಮಜ್ಜಿ ಬಾಯಲ್ಲಿ ಬೇಕಾದಷ್ಟು ಕೇಳಿದ್ದೀಯ. ಗೌಡರು ಆಮೇಲೆ ತೀರ್ಥಹಳ್ಳಿಯಿಂದ ಗೆದ್ದು ವಿಧಾನಸಭೆಯ ಸ್ಪೀಕರ್ ಆದರು, ರಾಜ್ಯಸಭೆಗೆ ಹೋದರು, 1999ರಲ್ಲಿ ಶೃಂಗೇರಿಯಿಂದ ಗೆದ್ದು ಕಾನೂನು ಮಂತ್ರಿಯಾದರು, 2009ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರದ ಎಂ.ಪಿ. ಆದರು. ಲೋಕಸಭೆ, ರಾಜ್ಯಸಭೆ, ವಿಧಾನಸಭೆ, ಪರಿಷತ್ತು, ನಾಲ್ಕನ್ನೂ ಕಂಡವರು. 2023ರ ನವೆಂಬರ್‌ನಲ್ಲಿ ತೀರಿಕೊಂಡರು. ದೊಡ್ಡವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೋಡು, ಒಂದು ಕಡೆ ಬಾಗಿಲು ಮುಚ್ಚಿದರೆ ಅವರಿಗೆ ಇನ್ನೊಂದು ಊರಿನಲ್ಲಿ, ಇನ್ನೊಂದು ಪಕ್ಷದಲ್ಲಿ ಬಾಗಿಲು ತೆರೆಯುತ್ತಿತ್ತು. ಮೋಟಮ್ಮನವರು ವಿಧಾನಸಭೆಗೆ ಹೋಗಿದ್ದೆಲ್ಲ ಮೂಡಿಗೆರೆಯಿಂದಲೇ. ನಿನಗೆ ಸಿಗುವುದು ಎರಡನೇ ದಾರಿ. ಮೊದಲನೆಯದಕ್ಕೆ ಬೇಕಾದ ನಂಟು, ಗಂಟು ಎರಡೂ ನಮ್ಮಲ್ಲಿಲ್ಲ.

ನಮ್ಮದು ಪರಿಶಿಷ್ಟ ಜಾತಿಗೆ ಮೀಸಲು ಕ್ಷೇತ್ರ, ಹಾಗಾಗಿ ಸಲೀಸು ಅಂದುಕೊಳ್ಳಬೇಡ. ನಿಲ್ಲುವುದು ನಮ್ಮವರೇ, ವೋಟು ಹಾಕುವುದು ಎಲ್ಲರೂ. ತೋಟದ ಯಜಮಾನರ ಅಂಗಳದಲ್ಲೂ ಮಾತಾಡಬೇಕು, ಕೂಲಿ ಲೈನಿನಲ್ಲೂ ಮಾತಾಡಬೇಕು. ಎರಡು ಕಡೆಯೂ ಒಂದೇ ಮಾತು ಆಡುವುದು ಕಷ್ಟ. ಒಂದೊಂದು ಕಡೆ ಒಂದೊಂದು ಮಾತು ಆಡಿದರೆ ಸಂಜೆಯೊಳಗೆ ಸುದ್ದಿ ಮುಟ್ಟುತ್ತದೆ.

ಗೆದ್ದ ಮೇಲೆ ಕೆಲಸ ಏನು? ನಿಮ್ಮ ಕಾಲೇಜಿನಲ್ಲಿ ಕಾನೂನು ಮಾಡುವುದು ಅಂತ ಹೇಳಿರುತ್ತಾರೆ. ಇಲ್ಲಿ ಜನ ಬರುವುದು, ಸಾಗುವಳಿ ಮಾಡಿದ ಸರ್ಕಾರಿ ಜಾಗ ಸಕ್ರಮ ಮಾಡಿಕೊಡಿ ಅಂತ ಬಗರ್‌ಹುಕುಂ ಅರ್ಜಿ ಹಿಡಿದು. ಆ ಸಮಿತಿಗೆ ಶಾಸಕರೇ ಅಧ್ಯಕ್ಷರು, ಹಾಗಾಗಿ ಎಕರೆ, ಗುಂಟೆಯ ಆಸೆಯೆಲ್ಲ ಅವರ ಬಾಗಿಲಿಗೇ ಬರುತ್ತದೆ. ಒಬ್ಬರಿಗೆ ಮಂಜೂರಾದರೆ ಹತ್ತು ಜನಕ್ಕೆ ಮುನಿಸು. ಇನ್ನು ಆನೆ. 2022ರ ನವೆಂಬರ್‌ನಲ್ಲಿ ಕುಂದೂರು ಕಡೆ ಆನೆ ದಾಳಿಗೆ ಹೆಂಗಸೊಬ್ಬರು ಸತ್ತಾಗ, ಅಲ್ಲಿಗೆ ಹೋದ ಆಗಿನ ಶಾಸಕರ ಮೇಲೆ ಜನ ಎರಗಿದರು. ಹರಿದ ಅಂಗಿ ತೋರಿಸುತ್ತಾ ಅವರು ಮಾತಾಡಿದ ವಿಡಿಯೋ ನೀನೇ ನನಗೆ ಕಳಿಸಿದ್ದೆ. ಕಾಡಾನೆ ಹಿಡಿಯುವ ಅಪ್ಪಣೆ ಶಾಸಕರ ಕೈಯಲ್ಲಿಲ್ಲ, ಅದು ಅರಣ್ಯ ಇಲಾಖೆಯದ್ದು. ಹೆಣದ ಮುಂದೆ ಕೂತವರಿಗೆ ಅದನ್ನು ಹೇಳಲು ಆಗುತ್ತದಾ?

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ವಿಧಾನಸಭೆಗೆ ಒಬ್ಬ ಅಭ್ಯರ್ಥಿ 40 ಲಕ್ಷದವರೆಗೆ ಖರ್ಚು ಮಾಡಬಹುದು ಅಂತ ನಿಯಮ. ನಿಮ್ಮಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಲೆಕ್ಕ ನೀನೇ ಹಾಕಿಕೋ.

2023ರಲ್ಲಿ 224 ಸೀಟಿಗೆ ಗೆದ್ದ ಹೆಂಗಸರು ಹತ್ತೇ ಜನ. ಮೂರರಲ್ಲಿ ಒಂದು ಪಾಲು ಕೊಡುತ್ತೇವೆ ಅಂತ ಅದೇ ವರ್ಷ ದೆಹಲಿಯಲ್ಲಿ ಕಾನೂನು ಮಾಡಿದರು. ಜನಗಣತಿ ಆಗಿ, ಕ್ಷೇತ್ರ ಮರುವಿಂಗಡಣೆ ಆದಮೇಲೆ ಅಂತ ಷರತ್ತು ಇಟ್ಟರು. ಅದನ್ನು ನಂಬಿ ಕೂರಬೇಡ. ವಿಧಾನಸಭೆಗೆ ನಿಲ್ಲಲು 25 ತುಂಬಬೇಕು, ನಿನಗೆ ಇನ್ನೂ 22. ಗ್ರಾಮ ಪಂಚಾಯ್ತಿಗೆ 21 ಸಾಕು. ಅಲ್ಲಿ ಅರ್ಧ ಸೀಟು ಹೆಂಗಸರಿಗೆ. ಪಕ್ಷದ ಚಿಹ್ನೆ ಇಲ್ಲ, ಟಿಕೆಟ್‌ಗಾಗಿ ಯಾರ ಮನೆ ಮುಂದೆಯೂ ಕಾಯಬೇಕಾಗಿಲ್ಲ. ನಲ್ಲಿ ನೀರು, ಚರಂಡಿ, ಉದ್ಯೋಗ ಖಾತ್ರಿ ಹಾಜರಿ ಅಂತ ಒಂದು ಅವಧಿ ಓಡಾಡು. ಜನ ನಿನ್ನನ್ನು ಬೈದಾಗ ಮನೆಗೆ ಬಂದು ಊಟ ಮಾಡಿ ಮಲಗಲು ಆಗುತ್ತದಾ ಅಂತ ನಿನಗೇ ಗೊತ್ತಾಗುತ್ತದೆ. ಸೋತರೂ ಸರಿ, ಮಾರನೇ ದಿನ ನಲ್ಲಿ ಹತ್ತಿರ ಅದೇ ಜನರ ಜೊತೆ ನಿಲ್ಲಬೇಕು. ಮೋಟಮ್ಮನವರ ಆ ನಡುವಿನ ವರ್ಷಗಳು ಹೇಗಿದ್ದಿರಬಹುದು ಅಂತ ಆಗ ಸ್ವಲ್ಪ ತಿಳಿಯುತ್ತದೆ.

ಒಂದು ಕೆಲಸ ಮಾತ್ರ ಈಗಲೇ ನೋಡಿಕೋ. ಪಂಚಾಯ್ತಿಗೆ ನಿಲ್ಲಲು ಅದೇ ಪಂಚಾಯ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಬೆಂಗಳೂರಿನ ಪಿಜಿ ವಿಳಾಸಕ್ಕೆ ವೋಟರ್ ಕಾರ್ಡ್ ಬದಲಾಯಿಸುತ್ತೇನೆ ಅಂತಿದ್ದೆಯಲ್ಲ, ಬದಲಾಯಿಸಬೇಡ. ಅಪ್ಪನ ಹತ್ತಿರ ಈ ವಿಷಯ ಈಗಲೇ ಮತ್ತೆ ಎತ್ತಬೇಡ, ಕಾಫಿ ಕುಯ್ಲು ಮುಗಿಯಲಿ.

ನಿನ್ನ ಅವ್ವ