ಲಿನಕ್ಸ್ ಹಾಕಿ, ವಿಂಡೋಸ್ ಅಳಿಸಬೇಡಿ

ಮಾನ್ಯರೆ,

ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿದ ಮೇಲೆ, ‘ಹಳೆ ಲ್ಯಾಪ್‌ಟಾಪ್‌ಗೆ ಲಿನಕ್ಸ್ (ವಿಂಡೋಸ್‌ಗೆ ಬದಲಾಗಿ ಬಳಸಬಹುದಾದ ಉಚಿತ ಕಾರ್ಯಾಚರಣೆ ವ್ಯವಸ್ಥೆ) ಹಾಕಿಸಿ’ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತಿದೆ. ಸಲಹೆ ಸರಿಯೇ. ಆದರೆ ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ವರ್ಷಗಟ್ಟಲೆ ಕಡತ ಕೂಡಿಟ್ಟಿರುವ ಡಿಟಿಪಿ ಅಂಗಡಿಯವರು, ಟ್ಯಾಲಿಯಲ್ಲೇ ಲೆಕ್ಕ ಬರೆಯುವ ವ್ಯಾಪಾರಿಗಳು ವಿಂಡೋಸನ್ನು ಒಮ್ಮೆಲೇ ಬಿಡುವಂತಿಲ್ಲ. ಇಂಥವರು ಒಂದೇ ಡಿಸ್ಕಿನಲ್ಲಿ ಎರಡನ್ನೂ ಇಟ್ಟುಕೊಂಡು, ಇಂಟರ್ನೆಟ್ ಕೆಲಸಕ್ಕೆ ಲಿನಕ್ಸ್, ಹಳೆ ಕಡತಗಳಿಗೆ ವಿಂಡೋಸ್ ಬಳಸಬಹುದು. ‘ಎಲ್ಲ ಫಾರ್ಮ್ಯಾಟ್ ಮಾಡಿಬಿಡೋಣ’ ಎನ್ನುವವರ ಕೈಗೆ ಯಂತ್ರ ಕೊಡುವ ಮುನ್ನ ಕೆಲವು ಸಂಗತಿ ತಿಳಿದಿರಲಿ.

ಕಡತಗಳೆಲ್ಲ ಮೊದಲು ಹೊರಗಿನ ಡಿಸ್ಕಿಗೆ ಹೋಗಬೇಕು. ನಂತರ ಡಿಸ್ಕಿನ ಕಡತಗಳನ್ನು ಗೂಢಲಿಪಿಯಲ್ಲಿ ಬೀಗ ಹಾಕಿಡುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದೆಯೇ ನೋಡಿ. ಹೋಮ್ ಆವೃತ್ತಿಯ ಕೆಲವು ಲ್ಯಾಪ್‌ಟಾಪ್‌ಗಳಲ್ಲೂ ‘ಡಿವೈಸ್ ಎನ್‌ಕ್ರಿಪ್ಷನ್’ ಹೆಸರಿನಲ್ಲಿ ಅದು ಮಾಲೀಕರಿಗೆ ಗೊತ್ತಿಲ್ಲದೆಯೇ ಚಾಲೂ ಇರುತ್ತದೆ. ಬೂಟ್ ವ್ಯವಸ್ಥೆ (ಯಂತ್ರ ಚಾಲೂ ಆಗುವ ಕ್ರಮ) ಬದಲಾದೊಡನೆ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಕಡತಗಳ ಆಸೆ ಬಿಡಬೇಕಾದೀತು. ಕೀಯನ್ನು ಕಾಗದದಲ್ಲಿ ಬರೆದಿಟ್ಟು, ಎನ್‌ಕ್ರಿಪ್ಷನ್ ಆಫ್ ಮಾಡಿ.

ವಿಂಡೋಸನ್ನು ಬೇಗ ಚಾಲೂ ಮಾಡುವ ‘ಫಾಸ್ಟ್ ಸ್ಟಾರ್ಟಪ್’ ಕೂಡ ಆಫ್ ಆಗಲಿ. ಅದು ಚಾಲೂ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಅರೆನಿದ್ದೆಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸ್‌ನಿಂದ ಸಿ ಡ್ರೈವ್ ತೆರೆದರೆ ಓದಬಹುದೇ ಹೊರತು ಬರೆಯಲಾಗದು; ಬಲವಂತವಾಗಿ ಬರೆದರೆ ಕಡತ ಕೆಡುತ್ತದೆ.

ಲಿನಕ್ಸ್‌ಗೆ ಜಾಗ ಮಾಡಲು ಸಿ ಡ್ರೈವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಕುಗ್ಗಿಸಿ. ಲಿನಕ್ಸ್‌ನ ಜನಪ್ರಿಯ ಆವೃತ್ತಿಯಾದ ಉಬುಂಟುಗೆ 25 ಜಿಬಿ ಸಾಕೆನ್ನುತ್ತಾರೆ, 60 ಕೊಟ್ಟರೆ ನೆಮ್ಮದಿ. 100 ಜಿಬಿ ಖಾಲಿಯಿದ್ದರೂ ಕೆಲವೊಮ್ಮೆ ಬರೀ 5 ಜಿಬಿ ಕುಗ್ಗಿಸಬಹುದು ಎಂದು ತೋರಿಸುತ್ತದೆ. ವಿಂಡೋಸ್ ತನ್ನ ಬಳಕೆಗೆ ಇಟ್ಟುಕೊಳ್ಳುವ ಪೇಜ್‌ಫೈಲ್, ಹೈಬರ್ನೇಷನ್ ಕಡತ, ರಿಸ್ಟೋರ್ ಪಾಯಿಂಟ್‌ಗಳು ನಡುವೆ ಜರುಗದೆ ಕೂತಿರುವುದೇ ಕಾರಣ. ಮೂರನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ, ರೀಸ್ಟಾರ್ಟ್ ಮಾಡಿ ಮತ್ತೆ ಕುಗ್ಗಿಸಿ. ಖಾಲಿಯಾದ ಜಾಗಕ್ಕೆ ಹೊಸ ಡ್ರೈವ್ ಅಕ್ಷರ ಕೊಡಬೇಡಿ, ಹಾಗೇ ಬಿಡಿ. ಹಳೆಯ ಎಂಬಿಆರ್ ವಿಧಾನದಲ್ಲಿ ವಿಭಾಗಿಸಿದ ಡಿಸ್ಕಾದರೆ ನಾಲ್ಕೇ ಪ್ರೈಮರಿ ಪಾರ್ಟಿಷನ್‌ಗೆ (ಮುಖ್ಯ ಭಾಗಕ್ಕೆ) ಅವಕಾಶ. ಐದನೆಯದಕ್ಕೆ ಹೋದಾಗ ವಿಂಡೋಸ್ ‘ಡೈನಮಿಕ್ ಡಿಸ್ಕ್‌ಗೆ (ವಿಂಡೋಸ್‌ನದೇ ಆದ ಬೇರೆ ವಿಭಜನಾ ಕ್ರಮಕ್ಕೆ) ಬದಲಿಸಲೇ?’ ಎಂದು ಕೇಳುತ್ತದೆ. ಬೇಡವೆನ್ನಿ, ಬದಲಿಸಿದರೆ ಲಿನಕ್ಸ್ ಹಾಕುವುದು ಕಗ್ಗಂಟಾಗುತ್ತದೆ.

ಪೆನ್‌ಡ್ರೈವ್‌ನಿಂದ ಚಾಲೂ ಮಾಡಿದ ಲಿನಕ್ಸ್ ಇನ್‌ಸ್ಟಾಲರ್‌ನಲ್ಲಿ ಆ ಖಾಲಿ ಜಾಗವನ್ನಷ್ಟೇ ಆರಿಸಿ. ಬೂಟ್ ಕಡತಗಳಿರುವ, ಸುಮಾರು 100 ಎಂಬಿಯ ಇಎಫ್‌ಐ ಪಾರ್ಟಿಷನ್ ಎರಡೂ ವ್ಯವಸ್ಥೆಗಳಿಗೆ ಬೇಕು, ಅದರ ಮುಂದೆ ಫಾರ್ಮ್ಯಾಟ್ ಟಿಕ್ ಬೀಳದಂತೆ ನೋಡಿಕೊಳ್ಳಿ. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ) ಡಿಸ್ಕ್ ನಿರ್ವಹಿಸುವ ಇಂಟೆಲ್ ಆರ್‌ಎಸ್‌ಟಿ ಚಾಲೂ ಇದೆಯೇ ನೋಡಿ. ಅದನ್ನು ಏಕಾಏಕಿ ಎಎಚ್‌ಸಿಐ ಎಂಬ ಸಾಮಾನ್ಯ ಡಿಸ್ಕ್ ವಿಧಾನಕ್ಕೆ ಬದಲಿಸಿದರೆ ವಿಂಡೋಸ್ ನೀಲಿ ಪರದೆಗೆ ನಿಲ್ಲುತ್ತದೆ. ಮೊದಲು ವಿಂಡೋಸನ್ನು ಅಗತ್ಯ ಕಡತಗಳಷ್ಟೇ ಚಾಲೂ ಆಗುವ ಸೇಫ್ ಮೋಡ್‌ಗೆ ಹೊಂದಿಸಿ, ಬಯಾಸ್ ಬದಲಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ಬೂಟ್ ಆದ ಮೇಲೆ ಮಾಮೂಲಿಗೆ ಮರಳಿಸಿ.

ಎಲ್ಲ ಆದ ಮೇಲೆ ವಿಂಡೋಸ್ ಗಡಿಯಾರ ಐದೂವರೆ ತಾಸು ಹಿಂದೆ ಬಿದ್ದರೆ ಗಾಬರಿ ಬೇಡ. ಲಿನಕ್ಸ್ ಯಂತ್ರದ ಗಡಿಯಾರವನ್ನು ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ಲಿನಕ್ಸ್‌ನಲ್ಲಿ ಒಂದು ಸೆಟ್ಟಿಂಗ್ ಬದಲಿಸಿದರೆ ಮುಗಿಯಿತು.

ಇನ್‌ಸ್ಟಾಲ್‌ಗೆ ಬಳಸಿದ ಪೆನ್‌ಡ್ರೈವನ್ನು ಮಾತ್ರ ಅಳಿಸಬೇಡಿ. 2024ರ ಆಗಸ್ಟ್‌ನಲ್ಲಿ ವಿಂಡೋಸ್‌ನ ಅಪ್‌ಡೇಟ್ ಒಂದು ಹೀಗೆ ಎರಡೂ ವ್ಯವಸ್ಥೆಗಳಿರುವ (ಡ್ಯುಯಲ್ ಬೂಟ್) ಅನೇಕ ಯಂತ್ರಗಳಲ್ಲಿ ಲಿನಕ್ಸ್ ಏಳದಂತೆ ಮಾಡಿತ್ತು. ಅಂಥ ಅಪ್‌ಡೇಟ್ ಇನ್ನು ಬರುವುದೇ ಇಲ್ಲವೆಂದು ಹೇಳಲಾಗದು.

– ಕಂಪ್ಯೂಟರ್ ತಂತ್ರಜ್ಞ, ಹಾಸನ