ಒಂದು ಸಹಿ, ಒಂದು ಸೆಂಟ್

ನಲ್ಮೆಯ ಕನ್ನಡ ಬಂಧುಗಳೇ,

ಫೆಬ್ರವರಿ ಬಂತೆಂದರೆ ಇಲ್ಲಿ ಅಮೆರಿಕದ ಶಾಲೆಗಳಲ್ಲಿ ನಮ್ಮ ಮಕ್ಕಳು ಕಪ್ಪು ಜನರ ಇತಿಹಾಸ ಓದುತ್ತಾರೆ. ಅಧ್ಯಕ್ಷ ಲಿಂಕನ್ ಬರುತ್ತಾರೆ, 1863ರ ಜನವರಿ 1ರ ವಿಮೋಚನಾ ಘೋಷಣೆ ಬರುತ್ತದೆ. ಅಲ್ಲಿಗೆ ಗುಲಾಮಗಿರಿ ಮುಗಿಯಿತು ಅಂತ ಮಕ್ಕಳಷ್ಟೇ ಅಲ್ಲ, ನಮ್ಮಲ್ಲೂ ಎಷ್ಟೋ ಜನ ಅಂದುಕೊಂಡಿದ್ದೇವೆ. ಆದರೆ ಆ ಘೋಷಣೆ ಆಗ ನಡೆಯುತ್ತಿದ್ದ ಅಂತರ್ಯುದ್ಧದಲ್ಲಿ ಬಂಡೆದ್ದ ದಕ್ಷಿಣದ ರಾಜ್ಯಗಳಿಗೆ ಮಾತ್ರ. ಲಿಂಕನ್ ಕಡೆಗೇ ಉಳಿದಿದ್ದ ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಡೆಲವೇರ್‌ಗಳಲ್ಲಿ ಗುಲಾಮರು ಗುಲಾಮರಾಗಿಯೇ ಇದ್ದರು. ಯುದ್ಧ ಮುಗಿದ ಮೇಲೆ ಕೋರ್ಟು ಆ ಘೋಷಣೆಯನ್ನು ಎತ್ತಿಹಿಡಿಯುತ್ತದೋ ಇಲ್ಲವೋ, ಯಾರಿಗೂ ಖಾತ್ರಿ ಇರಲಿಲ್ಲ.

ಆ ಹೊತ್ತಿನಲ್ಲಿ ಹೆಂಗಸರ ಹಕ್ಕಿಗಾಗಿ ಹೋರಾಡುತ್ತಿದ್ದ ಎಲಿಜಬೆತ್ ಕೇಡಿ ಸ್ಟಾಂಟನ್ ಮತ್ತು ಸೂಸನ್ ಬಿ. ಆಂಥನಿ ದೇಶದ ಹೆಂಗಸರಿಗೆ ಒಂದು ಕರೆ ಕೊಟ್ಟರು. 1863ರ ಮೇ 14ರಂದು ನ್ಯೂಯಾರ್ಕಿನ ಯೂನಿಯನ್ ಸ್ಕ್ವೇರ್ ಬಳಿಯ ಚರ್ಚಿನಲ್ಲಿ ಸಭೆ ಸೇರಿತು. ಅಧ್ಯಕ್ಷತೆ ಲೂಸಿ ಸ್ಟೋನ್ ಅವರದು. ಅಲ್ಲಿ ಹುಟ್ಟಿದ್ದೇ 'ವಿಮೆನ್ಸ್ ಲಾಯಲ್ ನ್ಯಾಷನಲ್ ಲೀಗ್'.

ಸಭೆ ಸಲೀಸಾಗಿ ನಡೆಯಲಿಲ್ಲ. ಬಂದವರಲ್ಲಿ ಕೆಲವರಿಗೆ ಸೈನಿಕರಿಗೆ ನೆರವಾದರೆ ಸಾಕಿತ್ತು. ಇನ್ನು ಕೆಲವರು ಹಳೆಯ ಗುಲಾಮಗಿರಿ ವಿರೋಧಿಗಳು. ಆಂಜೆಲಿನಾ ಗ್ರಿಮ್ಕೆ ಅಂಥವರೊಬ್ಬರು. ಸೌತ್ ಕ್ಯಾರೊಲೈನಾದಲ್ಲಿ ಗುಲಾಮರನ್ನಿಟ್ಟುಕೊಂಡಿದ್ದ ಮನೆಯಲ್ಲೇ ಹುಟ್ಟಿ, ಅದನ್ನೆಲ್ಲ ಬಿಟ್ಟು ಬಂದವರು. ಪೋಲೆಂಡಿನಿಂದ ಬಂದ, ಯಹೂದಿ ಗುರುಗಳ ಮಗಳು ಅರ್ನೆಸ್ಟೈನ್ ರೋಸ್ ಕೂಡ ಮಾತಾಡಿದರು. ಕಪ್ಪು ಜನರಿಗೂ ಎಲ್ಲ ಹೆಂಗಸರಿಗೂ ಪೂರ್ತಿ ಹಕ್ಕು ಸಿಗುವವರೆಗೆ ಈ ದೇಶಕ್ಕೆ ನಿಜವಾದ ಶಾಂತಿ ಇಲ್ಲ ಎಂಬ ಗೊತ್ತುವಳಿ ಮುಂದಿಟ್ಟಾಗ ಗಲಾಟೆಯೇ ಆಯಿತು. ಹೆಂಗಸರ ಹಕ್ಕಿನ ಮಾತು ಇಲ್ಲೇಕೆ, ಯುದ್ಧದ ಕೆಲಸಕ್ಕೆ ಅದನ್ನು ಗಂಟು ಹಾಕಬೇಡಿ ಅಂತ ವಿಸ್ಕಾನ್ಸಿನ್‌ನಿಂದ ಬಂದ ಮಹಿಳೆ ಪಟ್ಟು ಹಿಡಿದರು. ಚರ್ಚೆ ಜೋರಾಯಿತು. ಕೊನೆಗೆ ಗೊತ್ತುವಳಿ ಬಹುಮತದಿಂದ ಪಾಸಾಯಿತು.

ನನಗೆ ಇಷ್ಟವಾಗಿದ್ದು ಇದರ ಮುಂದಿನ ಹೆಜ್ಜೆ. ಎಲ್ಲರೂ ಎಲ್ಲದರಲ್ಲೂ ಒಪ್ಪುವವರೆಗೆ ಅವರು ಕಾಯಲಿಲ್ಲ. ಎಲ್ಲರೂ ಕೈ ಹಾಕಬಹುದಾದ ಒಂದೇ ಒಂದು ಕೆಲಸ ಹುಡುಕಿಕೊಂಡರು. ಗುಲಾಮಗಿರಿಯನ್ನು ಪೂರ್ತಿ ತೆಗೆಯಿರಿ ಅಂತ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಅರ್ಜಿ, ಅದಕ್ಕೆ ಹತ್ತು ಲಕ್ಷ ಸಹಿ. ಹೆಂಗಸರು ಮತ ಹಾಕುವಂತಿಲ್ಲ. ಸರ್ಕಾರದ ಬಾಗಿಲು ತಟ್ಟಲು ಅರ್ಜಿ ಬಿಟ್ಟರೆ ಅವರ ಕೈಯಲ್ಲಿ ಬೇರೇನಿತ್ತು?

ಸ್ಟಾಂಟನ್ ಅಧ್ಯಕ್ಷೆ, ಆಂಥನಿ ಕಾರ್ಯದರ್ಶಿ. ಕಚೇರಿ ಕೂಪರ್ ಇನ್‌ಸ್ಟಿಟ್ಯೂಟ್‌ನ ಒಂದು ಕೋಣೆ. ಆ ಕಟ್ಟಡ ಮ್ಯಾನ್‌ಹಟನ್‌ನಲ್ಲಿ ಈಗಲೂ ಇದೆ. ಆಂಥನಿಗೆ ವಾರಕ್ಕೆ 12 ಡಾಲರ್ ಸಂಬಳ. ದುಡ್ಡಿಲ್ಲದ ಸಂಘ, ಹಾಗಾಗಿ ಸಹಿ ಹಾಕಿದವರಿಂದ ಒಂದೊಂದು ಸೆಂಟ್ ಕೇಳಿದರು. ಅರ್ಜಿ ಹಿಡಿದು ಊರೂರು ಸುತ್ತಿದವರು ಸುಮಾರು 2,000 ಜನ. ನಮ್ಮ ಸಂಘದಲ್ಲಿ ಸದಸ್ಯತ್ವದ ಫಾರಂ ವಾಪಸ್ ಬರಿಸೋದೇ ಎಷ್ಟು ಕಷ್ಟ ಅಂತ ನಮ್ಮ ಸಮಿತಿಯವರನ್ನು ಕೇಳಿ ನೋಡಿ! ಆಗ ಅವರಿಗೆ ಫೋನಿಲ್ಲ, ಊರ ತುಂಬ ಯುದ್ಧದ ಸುದ್ದಿ, ಮನೆಯ ಗಂಡಸರು ರಣರಂಗದಲ್ಲಿ.

ಎರಡು ತಿಂಗಳೊಳಗೆ ನ್ಯೂಯಾರ್ಕಿನಲ್ಲೇ ಬೆಂಕಿ ಎದ್ದಿತು. ಸೈನ್ಯಕ್ಕೆ ಕಡ್ಡಾಯ ಸೇರ್ಪಡೆಯ ವಿರುದ್ಧ ಜುಲೈ 13ರಂದು ಶುರುವಾದ ದಂಗೆ ಕಪ್ಪು ಜನರ ಮೇಲೆ ತಿರುಗಿತು. ಫಿಫ್ತ್ ಅವೆನ್ಯೂನಲ್ಲಿದ್ದ ಕಪ್ಪು ಮಕ್ಕಳ ಅನಾಥಾಲಯವನ್ನು ಸುಟ್ಟರು. ಒಳಗಿದ್ದ 200ಕ್ಕೂ ಹೆಚ್ಚು ಮಕ್ಕಳನ್ನು ಹೇಗೋ ಹೊರಗೆ ದಾಟಿಸಿದ್ದರು. ಸ್ಟಾಂಟನ್ ಅವರ ಮನೆ ಅಲ್ಲೇ ಹತ್ತಿರದಲ್ಲಿತ್ತು. ಅವರ ದೊಡ್ಡ ಮಗನನ್ನೇ ದಂಗೆಕೋರರು ಹಿಡಿದುಕೊಂಡಿದ್ದರು. ಹುಡುಗ ಜಾಣತನದಿಂದ ಪಾರಾದ. ಇಷ್ಟಾದರೂ ಅರ್ಜಿಯ ಕೆಲಸ ನಿಲ್ಲಲಿಲ್ಲ.

1864ರ ಫೆಬ್ರವರಿ 9ರಂದು ಅರ್ಜಿಯ ಮೊದಲ ಕಂತು ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್ ಸೇರಿತು. ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ರಾಜ್ಯವಾರು ಸುರುಳಿ ಸುತ್ತಿದ್ದರು. ಅದನ್ನು ಹೊತ್ತು ತಂದು ಮ್ಯಾಸಚೂಸೆಟ್ಸ್‌ನ ಸೆನೆಟರ್ ಚಾರ್ಲ್ಸ್ ಸಮ್ನರ್ ಅವರ ಮೇಜಿನ ಮೇಲೆ ಇಟ್ಟವರು ಇಬ್ಬರು ಎತ್ತರದ ಕಪ್ಪು ಗಂಡಸರು. ಅಷ್ಟು ಹೊತ್ತಿಗೆ ಒಂದು ಲಕ್ಷ ಸಹಿ ಆಗಿತ್ತು. ಅದರಲ್ಲಿ 65,601 ಹೆಂಗಸರದು, 34,399 ಗಂಡಸರದು. ಲೆಕ್ಕ ಇಟ್ಟವರು ಎಷ್ಟು ಚೊಕ್ಕ ಅಲ್ವಾ? ಅದೇ ವರ್ಷ ಏಪ್ರಿಲ್ 8ರಂದು ಸೆನೆಟ್ 38-6 ಮತಗಳಿಂದ, ಗುಲಾಮಗಿರಿಯನ್ನು ರದ್ದು ಮಾಡುವ ಸಂವಿಧಾನದ 13ನೇ ತಿದ್ದುಪಡಿಯನ್ನು ಒಪ್ಪಿತು. ಕೆಳಮನೆ ಒಪ್ಪಲು 1865ರ ಜನವರಿ 31 ಆಯಿತು. ಡಿಸೆಂಬರ್ 6ಕ್ಕೆ ಸಾಕಷ್ಟು ರಾಜ್ಯಗಳ ಒಪ್ಪಿಗೆಯೂ ಸಿಕ್ಕಿತು. ಹತ್ತು ಲಕ್ಷದ ಗುರಿ ಮುಟ್ಟಲಿಲ್ಲ, ಒಟ್ಟು ಸುಮಾರು ನಾಲ್ಕು ಲಕ್ಷ ಸಹಿ ಸೇರಿದವು. ಅರ್ಜಿಯೊಂದರಿಂದಲೇ ತಿದ್ದುಪಡಿ ಬಂತು ಅನ್ನುವುದು ಜಾಸ್ತಿಯಾದೀತು. ಯುದ್ಧದ ಗೆಲುವು, 1864ರ ಚುನಾವಣೆ, ತಾವೇ ಓಡಿಬಂದು ಸೈನ್ಯ ಸೇರಿದ ಗುಲಾಮರು, ಎಲ್ಲದರ ಪಾಲೂ ಅದರಲ್ಲಿದೆ. ಆದರೆ ಜನ ಇದನ್ನು ಬಯಸುತ್ತಾರೆ ಅಂತ ತೋರಿಸಲು ಸಮ್ನರ್ ಕೈಯಲ್ಲಿ ಇದ್ದದ್ದು ಆ ಸುರುಳಿಗಳು.

ಮುಂದಿನ ಕಥೆ ಅಷ್ಟು ಚೆನ್ನಾಗಿಲ್ಲ. ಅದನ್ನು ಬಿಟ್ಟು ಬರೆದರೆ ಸುಮ್ನೆ ಹೊಗಳಿಕೆ ಆಗುತ್ತದೆ. 14ನೇ ತಿದ್ದುಪಡಿಯಲ್ಲಿ ಮತದಾರ ಎಂದರೆ ಗಂಡಸು ಅಂತ ಮೊದಲ ಬಾರಿಗೆ ಸಂವಿಧಾನದೊಳಗೆ ಬಂತು. 15ನೆಯದು ಜನಾಂಗದ ಕಾರಣಕ್ಕೆ ಮತ ತಪ್ಪಿಸಬಾರದು ಅಂದಿತು, ಹೆಂಗಸರನ್ನು ಹೊರಗೇ ಬಿಟ್ಟಿತು. ಯುದ್ಧಕಾಲದಲ್ಲಿ ತಮ್ಮ ಬೇಡಿಕೆಯನ್ನು ಬದಿಗಿಟ್ಟು ದುಡಿದವರಿಗೆ ಸಿಟ್ಟು ಬರುವುದು ಸಹಜ. ಆದರೆ ಆ ಸಿಟ್ಟಿನಲ್ಲಿ ಸ್ಟಾಂಟನ್ ಕಪ್ಪು ಗಂಡಸರ ಬಗ್ಗೆ, ವಲಸೆ ಬಂದವರ ಬಗ್ಗೆ ಆಡಿದ ಮಾತುಗಳು ಹೀನವಾದವು. ವಲಸೆ ಬಂದ ನಾವು ಅದನ್ನು ಓದುವಾಗ ಮುಜುಗರ ಆಗುತ್ತದೆ, ಆಗಲೇಬೇಕು. ಗುಲಾಮಗಿರಿಯಿಂದ ಪಾರಾಗಿ ಬಂದ ಕಪ್ಪು ನಾಯಕ, ಹಳೆಯ ಗೆಳೆಯ ಫ್ರೆಡರಿಕ್ ಡಗ್ಲಸ್ ಅವರೇ ಸಭೆಯಲ್ಲಿ ಎದ್ದು ನಿಂತು ವಿರೋಧಿಸಬೇಕಾಯಿತು. 1869ರಲ್ಲಿ ಹೆಂಗಸರ ಹಕ್ಕಿನ ಚಳವಳಿ ಎರಡು ಹೋಳಾಯಿತು. ಸ್ಟಾಂಟನ್, ಆಂಥನಿ ಒಂದು ಬಣ. ಆ ಮೇ ಸಭೆಯ ಅಧ್ಯಕ್ಷೆ ಲೂಸಿ ಸ್ಟೋನ್ ಇನ್ನೊಂದು ಬಣ. ಎರಡೂ ಮತ್ತೆ ಒಂದಾಗಿದ್ದು 1890ರಲ್ಲಿ.

— ಸಂಪಾದಕಿ